ಲಾವಂಚವಲ್ಲ ಅತ್ತೆ, ಲ್ಯಾವೆಂಡರು!

ಭೂಮಿ ನಡುಗಿದ್ದು ಕೆಲವೇ ಸೆಕೆಂಡು. ಅದರ ಮಾತು ನಿಂತದ್ದು ಆಟಿ ತಿಂಗಳು ಅರ್ಧ ಕಳೆದ ಮೇಲೆ. 2022ರ ಜೂನ್ ಕೊನೆಯ ವಾರ ಚೆಂಬು, ಪೆರಾಜೆ, ಸಂಪಾಜೆ, ನಮ್ಮ ಕರಿಕೆ, ಆಚೆ ಸುಳ್ಯದವರೆಗೂ ನೆಲದಡಿಯಿಂದ ಗುಡುಗಿನಂಥ ಸದ್ದು ಬಂತು. ಅಡುಗೆಮನೆಯಲ್ಲಿ ಕವುಚಿ ಇಟ್ಟ ಲೋಟಗಳು ಗಲಗಲ ಅಂದವು. ರಿಕ್ಟರ್ ಮಾಪಕದಲ್ಲಿ ಮೂರರ ಆಸುಪಾಸು ಎಂದು ಟಿವಿಯವರು ಹೇಳಿದಾಗ ನಮ್ಮ ಅತ್ತೆಗೆ ಸಿಟ್ಟೇ ಬಂತು. "ಮೂರಾ? ಅವರ ಮಾಪಕ ಬೆಂಗಳೂರಲ್ಲಿ ಇರ್ಬೇಕು. ಇಲ್ಲಿ ಹತ್ತಕ್ಕೆ ಕಮ್ಮಿ ಇಲ್ಲ" ಅಂದರು.

ಆವತ್ತಿನಿಂದ ಅತ್ತೆಗೆ ನಿದ್ದೆ ಇಲ್ಲ. ರಾತ್ರಿ ಮೂರು ಸಲ ಎದ್ದು ಚಿಮಣಿ ದೀಪ ಹಿಡಿದು ಗೋಡೆ ನೋಡುವುದು, ನಾಯಿಯನ್ನು ಎಬ್ಬಿಸಿ "ನಿನಗೆಂತಾದರೂ ಗೊತ್ತಾಯಿತಾ?" ಎಂದು ಕೇಳುವುದು. ನಾಯಿಗೂ ನಿದ್ದೆ ಕೆಟ್ಟಿತು. ವಿಷಯ ಬೆಂಗಳೂರಿನಲ್ಲಿರುವ ಅವರ ಮೊಮ್ಮಗಳ ಕಿವಿಗೆ ಬಿತ್ತು. ಅವಳು ವಿಡಿಯೋ ಕಾಲ್ ಮಾಡಿ ಅಜ್ಜಿಯ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ ರೋಗ ಪತ್ತೆಹಚ್ಚಿದಳು: "ಮಾವಾ, ಅಜ್ಜಿಗೆ ಆಂಗ್ಸೈಟಿ."

ಅತ್ತೆ ಫೋನಿಗೆ ಬಾಯಿ ತಾಗಿಸಿ ತಿದ್ದಿದರು. "ಅದೆಲ್ಲ ಅಲ್ಲ ಮಗಾ, ಹೆದರಿಕೆ."

"ಅದಕ್ಕೇ ಲ್ಯಾವೆಂಡರ್ ಎಣ್ಣೆ ಕಳಿಸ್ತೇನೆ ಅಜ್ಜಿ. ದಿಂಬಿಗೆ ಎರಡು ಹನಿ ಹಾಕಿ ಮಲಗಿ."

"ಲಾವಂಚದ ಎಣ್ಣೆಯಾ? ಕಳಿಸು, ಕಳಿಸು. ಸುಮ್ಮನೆ ದುಡ್ಡು ಯಾಕೆ ಅಂತ."

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಪರಿಮಳ ಪುರಾಣ.

ಕರಿಕೆ ನೋಡದವರಿಗೆ ಒಂದು ಮಾತು. ಮಡಿಕೇರಿಯಿಂದ ಭಾಗಮಂಡಲ, ಅಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸು ಕಾಡಿನೊಳಗೆ ತಿರುವಿಗೊಂದು ತಿರುವು ಇಳಿದರೆ ನಮ್ಮೂರು. ಹೆಸರಿಗೆ ಕೊಡಗು. ಪೇಟೆ ಅಂದರೆ ಕೇರಳದ ಪಾಣತ್ತೂರು, ದೊಡ್ಡ ಆಸ್ಪತ್ರೆ ಅಂದರೆ ಕಾಞಂಗಾಡು. ಅರೆಭಾಷೆಯಲ್ಲಿ ಬೈದು, ಮಲಯಾಳದಲ್ಲಿ ಚೌಕಾಸಿ ಮಾಡಿ, ತುಳುವಿನಲ್ಲಿ ನಗಾಡಿ, ಕನ್ನಡದಲ್ಲಿ ಅರ್ಜಿ ಬರೆಯುವ ಜನ ನಾವು. ಮಳೆಯನ್ನು ಇಂಚಿನಲ್ಲಿ ಅಳೆಯುತ್ತೇವೆ, ಅದೂ ನೂರರ ಮೇಲೆ. ಮಳೆಗಾಲದಲ್ಲಿ ಗುಡ್ಡ ಜಾರಿ ಭಾಗಮಂಡಲದ ರಸ್ತೆ ಮುಚ್ಚಿದರೆ ನಮ್ಮದೇ ಜಿಲ್ಲೆಯ ತಲೆಪಟ್ಟಣಕ್ಕೆ ಹೋಗಲು ಬೇರೆ ರಾಜ್ಯ ಸುತ್ತಬೇಕು. ಹಾಗಾಗಿ ಬೆಂಗಳೂರಿನಿಂದ ಹೊರಟ ಹತ್ತು ಮಿಲಿಯ ಬುಡ್ಡಿ ನಮ್ಮನ್ನು ಮುಟ್ಟುವುದಕ್ಕೆ ಹನ್ನೊಂದು ದಿನ ತೆಗೆದುಕೊಂಡಿತು. ದಿನಕ್ಕೆ ಒಂದು ಮಿಲಿಯೂ ಬೀಳಲಿಲ್ಲ ಎಂದು ಭಾವ ಲೆಕ್ಕ ಹಾಕಿದ. ಭಾವ ಅಂದರೆ ಅತ್ತೆಯ ಮಗ; ಲೆಕ್ಕ ಹಾಕುವುದರಲ್ಲಿ ಗಟ್ಟಿಗ, ದುಡ್ಡು ಮಾಡುವುದರಲ್ಲಿ ಅಷ್ಟಿಲ್ಲ.

ನೀಲಿ ಗಾಜಿನ ಪುಟ್ಟ ಬುಡ್ಡಿ. ಮುಚ್ಚಳಕ್ಕೇ ರಬ್ಬರಿನ ಉಬ್ಬು, ಅದರೊಳಗೆ ಹನಿ ಎಳೆಯುವ ಗಾಜಿನ ನಳಿಗೆ. ಅತ್ತೆ ಎಲ್ಲರನ್ನೂ ಜಗಲಿಗೆ ಕರೆದು, ಕೈಕಾಲು ತೊಳೆಸಿ, ದೇವರ ಪ್ರಸಾದ ಹಂಚುವ ಗಾಂಭೀರ್ಯದಲ್ಲಿ ಮುಚ್ಚಳ ತಿರುಗಿಸಿದರು. ಮೂಗಿನ ಬಳಿ ಒಯ್ದರು. ಎರಡು ಕ್ಷಣ ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಲಾವಂಚ ಅಲ್ಲ. ಇದು ನಿಮ್ಮ ಬೆಂಗಳೂರಿನ ಮಾಲಿನ ಕಕ್ಕಸಿನ ವಾಸನೆ" ಎಂದು ತೀರ್ಪು ಕೊಟ್ಟರು.

ನಾನು ನಕ್ಕೆ. ಆದರೆ ಅವರ ಮೂಗು ಸುಳ್ಳು ಹೇಳಿರಲಿಲ್ಲ. ಅತ್ತೆ ಬದುಕಿನಲ್ಲಿ ಲ್ಯಾವೆಂಡರನ್ನು ಮೊದಲು ಕಂಡದ್ದು, ಅಲ್ಲ, ಮೂಸಿದ್ದು ಅಂಥ ಕಡೆಯೇ. ನೆಲ ಒರೆಸುವ ದ್ರಾವಣ, ಬಟ್ಟೆ ಮೃದು ಮಾಡುವ ದ್ರಾವಣ, ಕಕ್ಕಸಿನ ಗೋಡೆಯಲ್ಲಿ ಪುಸ್ ಎನ್ನುವ ಡಬ್ಬಿ, ಎಲ್ಲದಕ್ಕೂ ಅದೇ ನೇರಳೆ ಬಣ್ಣದ ಹೂವಿನ ಚಿತ್ರ. ನಿಜವಾದ ಲ್ಯಾವೆಂಡರ್ ಎಣ್ಣೆ ದುಬಾರಿ. ಒಂದು ಲೀಟರ್ ಭಟ್ಟಿ ಇಳಿಸಲು ನೂರಕ್ಕೂ ಹೆಚ್ಚು ಕಿಲೋ ಹೂ ಬೇಕು. ಅದರ ಮಿಶ್ರತಳಿಯ ತಂಗಿ ಲ್ಯಾವೆಂಡಿನ್ ಇದ್ದಾಳೆ. ಅವಳಲ್ಲಿ ಎಣ್ಣೆ ಜಾಸ್ತಿ, ಕರ್ಪೂರದ ಘಾಟೂ ಜಾಸ್ತಿ, ಬೆಲೆ ಕಮ್ಮಿ. ಸಾಬೂನು, ಸೋಪುಪುಡಿಯವರು ಅವಳನ್ನು ಕಟ್ಟಿಕೊಳ್ಳುತ್ತಾರೆ, ಅವಳೂ ದುಬಾರಿಯಾದರೆ ಕಾರ್ಖಾನೆಯಲ್ಲೇ ತಯಾರಾದ ಸುವಾಸನೆಯನ್ನು. ಹೀಗೆ ಅಕ್ಕನ ಹೆಸರು ಹೇಳಿಕೊಂಡು ತಂಗಿ ಕಕ್ಕಸು ತೊಳೆಯುತ್ತಾ ಬಂದದ್ದರಿಂದ, ಅಕ್ಕ ಖುದ್ದಾಗಿ ಮನೆಗೆ ಬಂದಾಗ ಅತ್ತೆ ಗುರುತು ಹಿಡಿದದ್ದು ತಂಗಿಯನ್ನು.

ಭಾವನ ಮೂಗು ಬೇರೆಯೇ ದಾರಿ ಹಿಡಿಯಿತು. ಅವನು ಬುಡ್ಡಿ ಮೂಸಿ ಕಣ್ಣು ಮುಚ್ಚಿ, "ಆಹಾ, ಗಲ್ಫಿನ ಪೆಟ್ಟಿಗೆ!" ಅಂದ. ಗಡಿಯ ಮಕ್ಕಳಿಗೆ ಮಾತ್ರ ಅರ್ಥವಾಗುವ ಮಾತು ಇದು. ಎಂಬತ್ತರ ದಶಕದಲ್ಲಿ ಪಾಣತ್ತೂರು, ಕಾಞಂಗಾಡಿನ ಕಡೆಯ ಗೆಳೆಯರ ಮನೆಗೆ ದುಬೈಯಿಂದ ಹಗ್ಗ ಬಿಗಿದ ಪೆಟ್ಟಿಗೆ ಬರುತ್ತಿತ್ತು. ಟೈಗರ್ ಬಾಮ್, ಟ್ಯಾಂಗ್ ಪುಡಿ, ಮಿನುಗುವ ಸೀರೆ, ಜೊತೆಗೆ ಯಾರ್ಡ್ಲಿ ಪೌಡರಿನ ತಗಡಿನ ಡಬ್ಬಿ. 1770ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪೆನಿಯ ಲ್ಯಾವೆಂಡರು ಅರಬರ ಮರಳುಗಾಡು ಸುತ್ತಿ ನಮ್ಮ ಮದುವೆ ಚಪ್ಪರಕ್ಕೆ ಬಂದು ಮದುಮಗನ ಕುತ್ತಿಗೆಯಲ್ಲಿ ಬೆವರಿನ ಜೊತೆ ಕಲಸಿಹೋಗುತ್ತಿತ್ತು. ಅದೇ ಯಾರ್ಡ್ಲಿಯ ನಮ್ಮ ಕಡೆಯ ವ್ಯಾಪಾರವನ್ನು 2009ರಲ್ಲಿ ಬೆಂಗಳೂರಿನ ವಿಪ್ರೊ ಕೊಂಡುಕೊಂಡಿತು ಎಂದು ನಾನು ಹೇಳಿದರೆ ಭಾವ ನಂಬಲಿಲ್ಲ. "ಕಂಪ್ಯೂಟರಿನವರಿಗೆ ಪೌಡರು ಯಾಕೆ ಮಾರಾಯ?" ಅಂದ. ಅವರು ಮೊದಲು ವನಸ್ಪತಿ ಮಾರಿಕೊಂಡಿದ್ದವರು, ಕಂಪ್ಯೂಟರು ಆಮೇಲೆ ಬಂದದ್ದು ಎಂದೆ. ಅದನ್ನೂ ನಂಬಲಿಲ್ಲ.

ನೋಡಿ, ಒಂದೇ ಬುಡ್ಡಿ. ಅತ್ತೆಗೆ ಕಕ್ಕಸು, ಭಾವನಿಗೆ ಮದುವೆ, ಬೆಂಗಳೂರಿನ ಹುಡುಗಿಗೆ ಎಸಿ ಕೋಣೆಯ ಮಸಾಜು ಮೇಜು. ಕಣ್ಣು, ಕಿವಿ, ಚರ್ಮ ತಂದ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ಗುಮಾಸ್ತನ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಮೂಗಿನದ್ದು ಹಾಗಲ್ಲ. ಅದು ಹಿತ್ತಲ ಬಾಗಿಲಿಂದ ನೇರ ಒಳಗೆ ಬಂದು, ಭಾವನೆ ಮತ್ತು ನೆನಪು ಕೂತ ಕೋಣೆಯ ಕದ ತಟ್ಟುವ ನೆಂಟ. ಹೆಸರು ಹೊಳೆಯುವ ಮೊದಲೇ ಹೊಟ್ಟೆಯಲ್ಲಿ ಚುಳ್ ಅನ್ನುವುದು ಅದಕ್ಕೇ. ಹಾಗಾಗಿ "ಲ್ಯಾವೆಂಡರ್ ಮನಸ್ಸಿಗೆ ಶಾಂತಿ ಕೊಡುತ್ತದೆ" ಎಂಬ ಬುಡ್ಡಿಯ ಮೇಲಿನ ಮಾತಿಗೆ ಅತ್ತೆಯ ತಕರಾರು ಅಷ್ಟು ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ. "ಶಾಂತಿ ಕೊಡುತ್ತದೆ ಸರಿ. ಯಾರಿಗೆ? ಆ ಹೂವು ಕಂಡವರಿಗಾ, ನನಗಾ?"

ಇನ್ನು ಲಾವಂಚದ ವಿಷಯ. ಹೆಸರು ಮೊದಲ ಅಕ್ಷರದಲ್ಲಿ ಕೈಕುಲುಕಿದ್ದು ಬಿಟ್ಟರೆ ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಲಾವಂಚ ಹುಲ್ಲು, ಪರಿಮಳ ಇರುವುದು ಬೇರಿನಲ್ಲಿ. ಕೆಲವರು ಮುಡಿವಾಳ ಎನ್ನುತ್ತಾರೆ, ಪಾಣತ್ತೂರಿನ ಅಂಗಡಿಯಲ್ಲಿ ರಾಮಚ್ಚಂ ಎಂದು ಕೇಳಬೇಕು. ಲ್ಯಾವೆಂಡರ್ ತುಳಸಿಯ ಕುಲ, ದೊಡ್ಡಪತ್ರೆಯ ದಾಯಾದಿ. ಪರಿಮಳ ಹೂವಿನ ತೆನೆಯಲ್ಲಿ. ಲ್ಯಾವೆಂಡರ್ ತನ್ನ ಎಣ್ಣೆಯನ್ನು ಹಬೆಗೆ ಬೇಗ ಬಿಟ್ಟುಕೊಡುತ್ತದೆ. ಲಾವಂಚದ ಬೇರು ಹಟಮಾರಿ, ಹಗಲಿರುಳು ಬೇಯಿಸಿದರೆ ಮಾತ್ರ ಬಾಯಿಬಿಡುತ್ತದೆ. ಆ ಬೇರು ಮೂರು ಮೀಟರಿನವರೆಗೂ ನೇರ ಇಳಿದು ಮಣ್ಣನ್ನು ಹಿಡಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಇದನ್ನೇ ನೆಟ್ಟುಕೊಂಡು ಬಂದವರು. ವಿಶ್ವಬ್ಯಾಂಕಿನ ಮಣ್ಣಿನ ತಜ್ಞರು 1980ರ ದಶಕದಲ್ಲಿ ಅದನ್ನು ನೋಡಿ ಲೋಕಕ್ಕೆಲ್ಲ ಹೇಳಿಕೊಂಡು ಹೋದರು. ಇದನ್ನು ಅತ್ತೆಗೆ ಹೇಳಿದ್ದು ನನ್ನ ತಪ್ಪು. "ಹಾಗಾದರೆ ಭೂಮಿ ನಡುಗುವಾಗ ಮೂಗಿಗೆ ಹಿಡಿಯುವ ಎಣ್ಣೆ ಯಾಕೆ ಕಳಿಸಿದ್ದು? ಗುಡ್ಡ ಹಿಡಿಯುವ ಹುಲ್ಲು ಕಳಿಸಬೇಕಿತ್ತಲ್ಲ" ಎಂದು ಬೆಂಗಳೂರಿಗೆ ಫೋನು ಹಚ್ಚಿದರು.

ಹುಡುಗಿ ಸೋಲುವವಳಲ್ಲ. ಅಜ್ಜಿಗೆ ಪುರಾವೆ ಬೇಕು ತಾನೆ ಎಂದು ಅರೋಮಾಥೆರಪಿಯ ಮೂಲಪುರುಷನ ಕತೆ ಕಳಿಸಿದಳು. ರೆನೆ ಮೋರಿಸ್ ಗಾಟ್‌ಫೊಸ್ಸೆ ಎಂಬ ಫ್ರಾನ್ಸಿನ ಪರಿಮಳ ರಸಾಯನಿಗ. ಪ್ರಯೋಗಾಲಯದಲ್ಲಿ ಕೈ ಸುಟ್ಟಿತಂತೆ, ಪಕ್ಕದಲ್ಲಿದ್ದ ಲ್ಯಾವೆಂಡರ್ ಹಂಡೆಗೆ ಕೈ ಅದ್ದಿದನಂತೆ, ತಟ್ಟನೆ ನೋವು ಮಾಯ, ಕಲೆಯೂ ಉಳಿಯಲಿಲ್ಲವಂತೆ! ಮಸಾಜು ಕಲಿಸುವ ಎಲ್ಲ ಕಡೆ ಈ ಸ್ಥಳಪುರಾಣ ಓದುತ್ತಾರೆ. ಅವನೇ ಬರೆದಿಟ್ಟದ್ದು ಇಷ್ಟು ಚಂದವಾಗಿಲ್ಲ. 1910ರ ಜುಲೈಯಲ್ಲಿ ಸ್ಫೋಟವಾಗಿ ಮೈಗೆ ಬೆಂಕಿ ಹತ್ತಿತು, ಹೊರಗೆ ಹುಲ್ಲಿನ ಮೇಲೆ ಹೊರಳಿ ಆರಿಸಿಕೊಂಡ. ಆಮೇಲೆ ಎರಡೂ ಕೈಗೆ ಗ್ಯಾಸ್ ಗ್ಯಾಂಗ್ರೀನ್ ಎಂಬ ಭಯಂಕರ ಕೊಳೆರೋಗ ಅಂಟಿತು. ಆಗ ಲ್ಯಾವೆಂಡರ್ ಎಣ್ಣೆಯಲ್ಲಿ ತೊಳೆದದ್ದರಿಂದ ಹುಣ್ಣು ಹರಡುವುದು ನಿಂತಿತು. 1937ರಲ್ಲಿ ಅವನು ಬರೆದ ಪುಸ್ತಕದ ಹೆಸರೇ 'ಅರೋಮಾಥೆರಪಿ'. ಆ ಪದ ಹುಟ್ಟಿಸಿದ ತಂದೆಯೂ ಅವನೇ. ಗಮನಿಸಿ, ಅವನು ಅದನ್ನು ಗಾಯ ತೊಳೆಯುವ ಮದ್ದಾಗಿ ಹಿಡಿದವನು. ದಿಂಬಿನ ಮೇಲೆ ಎರಡು ಹನಿ, ಮಂದ ದೀಪ, ಕೊಳಲಿನ ಕ್ಯಾಸೆಟ್ಟು ಎಲ್ಲ ಆಮೇಲೆ ಬಂದವರ ಅಲಂಕಾರ.

ಕತೆ ಕೇಳಿದ ಅತ್ತೆಯ ಪ್ರಶ್ನೆ ಒಂದೇ. "ಹುಲ್ಲಿನ ಮೇಲೆ ಹೊರಳಿದ್ದು ಅಂದಿಯಲ್ಲ, ಲಾವಂಚ ಇರ್ಬೇಕು."

ನಾನು ಈ ಜಗಳದಲ್ಲಿ ನಡುವೆ ಕೂತು ಸ್ವಲ್ಪ ಓದಿದೆ. ತಮಾಷೆ ಮಾಡುವವನಿಗೂ ಕೆಲವೊಮ್ಮೆ ನಿಜ ಗೊತ್ತಿರಬೇಕಾಗುತ್ತದೆ. ಲ್ಯಾವೆಂಡರ್ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎರಡೇ ಸಾಮಾನು: ಲಿನಲೂಲ್, ಲಿನಲಿಲ್ ಅಸಿಟೇಟ್. ಲಿನಲೂಲ್ ಎಂದರೆ ದೂರದ ಫ್ರಾನ್ಸಿನವಳು ಎಂದುಕೊಳ್ಳಬೇಡಿ. ಅವಳು ನಿಮ್ಮ ಮಸಾಲೆ ಡಬ್ಬಿಯಲ್ಲಿ ಕೂತಿದ್ದಾಳೆ. ಕೊತ್ತಂಬರಿ ಬೀಜದ ಪರಿಮಳದ ಎಣ್ಣೆಯಲ್ಲಿ ಬಹುಪಾಲು ಅವಳೇ. ಒಂದೇ ವ್ಯತ್ಯಾಸ. ಲ್ಯಾವೆಂಡರಿನ ಲಿನಲೂಲೂ ಕೊತ್ತಂಬರಿಯ ಲಿನಲೂಲೂ ಎಡಗೈ ಬಲಗೈ ಇದ್ದ ಹಾಗೆ. ಒಂದು ಇನ್ನೊಂದರ ಕನ್ನಡಿಯ ಬಿಂಬ. ಎಡಗೈಯ ಕೈಗವಸಿಗೆ ಬಲಗೈ ಹೊಂದದಲ್ಲ, ಮೂಗಿಗೂ ಅಷ್ಟೇ ಸೂಕ್ಷ್ಮ, ಎರಡರ ವಾಸನೆ ಬೇರೆ ಬೇರೆ ಎನಿಸುತ್ತದೆ. ಆದರೂ ಸಾರಿಗೆ ಕೊತ್ತಂಬರಿ ಹುರಿಯುವಾಗ ಅತ್ತೆಯ ಮುಖದಲ್ಲಿ ಕಾಣುವ ಸಮಾಧಾನವನ್ನು ನೋಡಿದ್ದೇನೆ. ಅದಕ್ಕೆ ಯಾರೂ ಗಂಟೆಗೆ ಎರಡು ಸಾವಿರ ಬಿಲ್ಲು ಮಾಡಲಿಲ್ಲ.

2018ರಲ್ಲಿ ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದವರು ಇಲಿಗಳಿಗೆ ಲಿನಲೂಲ್ ಮೂಸಿಸಿ ನೋಡಿದರು. ಇಲಿಗಳ ಅಂಜಿಕೆ ಇಳಿಯಿತು. ಕೈಕಾಲು ಎಡವುವ ಅಮಲೂ ಏರಲಿಲ್ಲ. ಮೂಗಿನ ಶಕ್ತಿ ಕೆಡಿಸಿದ ಇಲಿಗಳಿಗೆ ಮಾತ್ರ ಏನೂ ಆಗಲಿಲ್ಲ. ಅಂದರೆ ಕೆಲಸ ನಡೆದದ್ದು ಮೂಗಿನ ದಾರಿಯಲ್ಲೇ, ರಕ್ತಕ್ಕೆ ಸೇರಿ ಅಲ್ಲ. ನಿದ್ದೆಗುಳಿಗೆಗಳು ಮಿದುಳಿನಲ್ಲಿ ಒತ್ತುವ ಗುಂಡಿಯನ್ನೇ ಈ ವಾಸನೆಯೂ ಎಲ್ಲೋ ಮುಟ್ಟುತ್ತದೆ ಎಂಬುದು ಅವರ ಲೆಕ್ಕಾಚಾರ. ಇದು ಅತ್ತೆಯನ್ನು ಒಲಿಸುವ ಪುರಾವೆ ಎಂದು ಸಂಭ್ರಮದಿಂದ ಓದಿ ಹೇಳಿದೆ. ಅವರು ಅಟ್ಟದ ಕಡೆ ನೋಡಿದರು. ಅಟ್ಟದಲ್ಲಿ ಒಣಗಿಸಿಟ್ಟ ಅಡಿಕೆ ಇತ್ತು, ಅಡಿಕೆಯ ಪಾಲುದಾರರಾಗಿ ಇಲಿಗಳೂ ಇದ್ದವು.

"ಬುಡ್ಡಿಯ ಮುಚ್ಚಳ ಗಟ್ಟಿ ಹಾಕು. ಈಗ ಬೆಕ್ಕಿಗೆ ಅಷ್ಟಾದರೂ ಹೆದರುತ್ತವೆ. ಅಂಜಿಕೆ ಬಿಟ್ಟರೆ ಕೆಳಗೆ ಬಂದು ಊಟಕ್ಕೆ ಕೂತಾವು."

ಮನುಷ್ಯರ ಮೇಲಿನ ಪರೀಕ್ಷೆಗಳ ಕತೆ ಇಲಿಯಷ್ಟು ನೇರ ಇಲ್ಲ. ಗುಳಿಗೆಯ ಪರೀಕ್ಷೆಯಾದರೆ ಅರ್ಧ ಜನಕ್ಕೆ ಹುಸಿ ಗುಳಿಗೆ ಕೊಟ್ಟು ಏಮಾರಿಸಬಹುದು. ಹುಸಿ ವಾಸನೆ ಕೊಡುವುದು ಹೇಗೆ? ಮೂಸಿದವನಿಗೆ ಗೊತ್ತಾಗಿಯೇ ಬಿಡುತ್ತದೆ, ಇದು ಲ್ಯಾವೆಂಡರ್, ಇದರಿಂದ ನಿದ್ದೆ ಬರಬೇಕು ಎಂದು. ಬರಲೇಬೇಕಾದ ನಿದ್ದೆ ಬಂದೇ ಬರುತ್ತದೆ. ಅದಕ್ಕೇ ವಾಸನೆಯ ಅಧ್ಯಯನಗಳನ್ನು ಓದಿದವರು ಸ್ವಲ್ಪ ಗುಣ ಉಂಟು, ಆಣೆ ಇಡುವಷ್ಟಿಲ್ಲ ಎನ್ನುವ ಧಾಟಿಯಲ್ಲೇ ಮಾತಾಡುತ್ತಾರೆ. ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯನ್ನೇ 80 ಮಿಲಿಗ್ರಾಮಿನ ಗುಳಿಗೆಯೊಳಗೆ ತುಂಬಿ ಆತಂಕಕ್ಕೆ ಕೊಡುತ್ತಾರೆ. ಅದರ ಪರೀಕ್ಷೆಗಳು ಹುಸಿ ಗುಳಿಗೆಗಿಂತ ಮೇಲು ಎಂದು ತೋರಿಸಿವೆ. ಆದರೆ ತಿಂದವರಿಗೆ ಲ್ಯಾವೆಂಡರಿನದೇ ತೇಗು. ತೇಗಿದ ಕೂಡಲೇ ತಾನು ತಿಂದದ್ದು ಅಸಲಿ ಎಂದು ರೋಗಿಗೆ ತಿಳಿದುಹೋಗುತ್ತದೆ! ಅದು ಹದ ನೋಡಿ ಮಾಡಿದ ಗುಳಿಗೆ ಎಂಬುದನ್ನು ಮಾತ್ರ ಮರೆಯಬಾರದು. ದಿಂಬಿಗೆ ಹಾಕುವ ಬುಡ್ಡಿಯನ್ನು ಹೊಟ್ಟೆಗೆ ಹಾಕಿದರೆ ಕಾಞಂಗಾಡಿನ ಆಸ್ಪತ್ರೆಯ ದಾರಿ.

ಹೊಟ್ಟೆಗೆ ಹಾಕುವ ಮೂರ್ಖತನ ನಮ್ಮಲ್ಲಿ ಯಾರೂ ಮಾಡಲಿಲ್ಲ. ಭಾವ ಮಾಡಿದ್ದು ಅದರ ತಮ್ಮನನ್ನು. ರಬ್ಬರ್ ಹಾಲು ಹೊತ್ತು ಹೊತ್ತು ಕುತ್ತಿಗೆ ಹಿಡಿದುಕೊಂಡಿತ್ತು. ಎರಡು ಹನಿಗೆ ಗುಣವಾಗುವುದು ಇಪ್ಪತ್ತು ಹನಿಗೆ ಹತ್ತು ಪಾಲು ಬೇಗ ಗುಣವಾಗಬೇಕು ಎಂಬ ತನ್ನದೇ ಗಣಿತದಲ್ಲಿ, ಬುಡ್ಡಿಯಿಂದ ನೇರ ಕುತ್ತಿಗೆಗೆ ಸುರಿದು ಉಜ್ಜಿದ. ಬೆಳಿಗ್ಗೆ ಕುತ್ತಿಗೆ ಕೋಳಿಯ ಜುಟ್ಟಿನಂತೆ ಕೆಂಪು. ಇಂಥ ಎಣ್ಣೆಗಳನ್ನು ಒಂದು ಚಮಚ ತೆಂಗಿನೆಣ್ಣೆಗೆ ಎರಡು ಹನಿಯಂತೆ ಬೆರೆಸಿ ಹಚ್ಚಬೇಕು. ಅದರಲ್ಲೂ ಮುಚ್ಚಳ ತೆರೆದಿಟ್ಟು ಗಾಳಿ ತಾಗಿದ ಹಳೆಯ ಲ್ಯಾವೆಂಡರ್ ಚರ್ಮಕ್ಕೆ ಇನ್ನೂ ಮುನಿಯುತ್ತದೆ. ಅದರ ಲಿನಲೂಲು ಗಾಳಿಯ ಸಹವಾಸದಲ್ಲಿ ಕೆಟ್ಟು ತುರಿಕೆ ತರುವ ವಸ್ತುವಾಗುತ್ತದೆ. ಅತ್ತೆ ಮಗನ ಕುತ್ತಿಗೆಗೆ ತಣ್ಣಗಿನ ತೆಂಗಿನೆಣ್ಣೆ ಸವರುತ್ತಾ, "ಎಣ್ಣೆಗೂ ಎಣ್ಣೆ ಬೇಕು ಅಂತ ನನಗೆ ಗೊತ್ತಿತ್ತು" ಅಂದರು. ಅವರಿಗೆ ಮೊದಲೇ ಗೊತ್ತಿರದ ವಿಷಯ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ.

ಬೆಕ್ಕಂತೂ ಬುಡ್ಡಿ ತೆರೆದ ದಿನವೇ ಕೊಟ್ಟಿಗೆಗೆ ಗುಳೆ ಹೋಗಿತ್ತು. ಅದು ಜಂಬ ಅಲ್ಲ, ಜಾಣತನ. ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥ ಎಣ್ಣೆಗಳನ್ನು ಅರಗಿಸುವ ಶಕ್ತಿ ಕಮ್ಮಿ. ಆ ವಾಸನೆ ತುಂಬಿದ ಕೋಣೆಯಲ್ಲಿ ಅದನ್ನು ಕೂಡಿಹಾಕಬಾರದು.

ಈ ನಡುವೆ ಟಿವಿಯಲ್ಲಿ ಜಮ್ಮುವಿನ ದೋಡಾ ಜಿಲ್ಲೆಯ ಭದ್ರವಾಹ ಬಂತು. ಅಲ್ಲಿನ ರೈತರು ಮುಸುಕಿನ ಜೋಳ ಬಿಟ್ಟು ಲ್ಯಾವೆಂಡರ್ ಹಾಕಿದ್ದಾರೆ, ಜಮ್ಮುವಿನ ಸರ್ಕಾರಿ ಸಂಶೋಧನಾ ಸಂಸ್ಥೆಯೇ ಗಿಡ ಕೊಟ್ಟು ಭಟ್ಟಿ ಕಟ್ಟಿಸಿದೆ, ಅದಕ್ಕೆ ನೇರಳೆ ಕ್ರಾಂತಿ ಎಂದು ಹೆಸರು, 2022ರಲ್ಲಿ ಲ್ಯಾವೆಂಡರ್ ಹಬ್ಬವೂ ನಡೆಯಿತು. ಭಾವ ಕುತ್ತಿಗೆಯ ಉರಿ ಮರೆತು ಎದ್ದು ಕೂತ. "ರಬ್ಬರಿಗೆ ರೇಟಿಲ್ಲ. ಆ ಮೇಲಿನ ಜಾಗ ಖಾಲಿ ಉಂಟಲ್ಲ. ಒಂದೆಕರೆ ಹಾಕುವಾ. ಪಕ್ಕದಲ್ಲೇ ಹೋಂಸ್ಟೇ, ಹೆಸರು 'ಲ್ಯಾವೆಂಡರ್ ವ್ಯಾಲಿ'."

ನಾನು ಕಿಟಕಿಯಿಂದ ಹೊರಗೆ ತೋರಿಸಿದೆ. ಮಳೆ ಹಗ್ಗದಂತೆ ಇಳಿಯುತ್ತಿತ್ತು. ಮೂರು ದಿನದಿಂದ ಅದೇ ಹಗ್ಗ. ಲ್ಯಾವೆಂಡರು ಒಣ ಗುಡ್ಡದ ಮಗಳು. ಸುಣ್ಣದ ಅಂಶದ ಸಡಿಲ ಮಣ್ಣು ಬೇಕು, ಬಿಸಿಲು ಬೇಕು, ಚಳಿಗಾಲ ಬೇಕು. ಕಾಲು ಒದ್ದೆಯಾದರೆ ಬೇರು ಕೊಳೆತು ಸಾಯುತ್ತಾಳೆ. ಭದ್ರವಾಹದಲ್ಲಿ ಹಿಮ ಬೀಳುತ್ತದೆ. ಇಲ್ಲಿ ಬೀಳುವುದು ಮರ, ಕರೆಂಟಿನ ಕಂಬ, ಗುಡ್ಡ. ಹುಳಿಮಣ್ಣಿನ ಈ ಊರಿನಲ್ಲಿ ಆಕೆಯನ್ನು ಜೂನ್ ಒಂದಕ್ಕೆ ನೆಟ್ಟರೆ ಆಟಿ ಹುಟ್ಟುವಾಗ ತಿಥಿ. "ಆಗಲಿ, ಗಿಡ ಬೇಡ. ಹೋಂಸ್ಟೇಗೆ ಹೆಸರು ಇಡಬಹುದಲ್ಲ?" ಎಂದ ಭಾವ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಕೊಡಗಿನಲ್ಲಿ ನದಿ ಕಾಣದ 'ರಿವರ್ ವ್ಯೂ'ಗಳು ಇವೆ, ಕಾಡು ಕಡಿದು ಕಟ್ಟಿದ 'ಫಾರೆಸ್ಟ್ ನೆಸ್ಟ್'ಗಳೂ ಇವೆ.

ಭಟ್ಟಿ ಇಳಿಸುವ ಬುದ್ಧಿ ನಮಗೆ ಭದ್ರವಾಹದಿಂದ ಬರಬೇಕಾಗಿಯೂ ಇಲ್ಲ. ಮೈಸೂರು ಸಂಸ್ಥಾನದ ಗಂಧದ ಮರ ಮೊದಲ ಮಹಾಯುದ್ಧದವರೆಗೆ ಜರ್ಮನಿಗೆ ಹಡಗು ಹತ್ತಿ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಹಡಗು ನಿಂತು ಕೊರಡು ರಾಶಿ ಬಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ, ವಾಟ್ಸನ್ ಎಂಬಿಬ್ಬರು ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಯೇ ಎದ್ದಿತು, ದಿವಾನರು ವಿಶ್ವೇಶ್ವರಯ್ಯನವರು. ಆ ಕಾಲದ ಯುರೋಪಿನ ವೈದ್ಯರು ನಮ್ಮ ಗಂಧದೆಣ್ಣೆಯನ್ನು ಯಾವ ರೋಗಕ್ಕೆ ಕೊಡುತ್ತಿದ್ದರು ಎಂಬುದನ್ನು ಅತ್ತೆಯ ಎದುರು ಹೇಳಲಾಗಲಿಲ್ಲ. ನಿಮಗೆ ಮಾತ್ರ ಮೆಲ್ಲಗೆ ಹೇಳುತ್ತೇನೆ: ಊರು ಸುತ್ತಿ ಬಂದ ಗಂಡಸರಿಗೆ ಅಂಟುವ ಗುಪ್ತರೋಗಕ್ಕೆ. ದೇವರ ಹಣೆಯ ಗಂಧ ಅಲ್ಲಿ ಮಾಡುತ್ತಿದ್ದ ಕೆಲಸ ಅದು. ಪರಿಮಳಕ್ಕೆ ಜಾತಕ ಎಲ್ಲ ಊರಲ್ಲೂ ಒಂದೇ ಇರುವುದಿಲ್ಲ.

ಅತ್ತೆಯ ಮೂಗಿಗೆ ಇನ್ನೊಂದು ಇತಿಹಾಸ ಉಂಟು. 2021ರಲ್ಲಿ ಕೊರೊನಾ ಬಂದು ಹೋದಾಗ ಅವರ ಮೂಗು ಎರಡು ತಿಂಗಳು ಮುಷ್ಕರ ಹೂಡಿತ್ತು. ಏಲಕ್ಕಿ ಜಜ್ಜಿ ಹಿಡಿದರೂ ಇಲ್ಲ, ಒಲೆಯಲ್ಲಿ ಹಾಲು ಸೀದರೂ ಇಲ್ಲ. "ಊಟ ಅಂದರೆ ಬಿಸಿ ತಣ್ಣಗೆ ಅಷ್ಟೇ ಗೊತ್ತಾಗುವುದು" ಎಂದು ಕಣ್ಣಲ್ಲಿ ನೀರು. ಹೀಗೆ ಮೂಗು ಕಳೆದುಕೊಂಡವರಿಗೆ ದಿನಕ್ಕೆರಡು ಸಲ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ಮೂಸಿಸಿ ಪಾಠ ಹೇಳಿಕೊಡುವ ಕ್ರಮ ಉಂಟು. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು ಅದು. ಅತ್ತೆಗೆ ಅದನ್ನು ಯಾರೂ ಹೇಳಿರಲಿಲ್ಲ. ಆದರೂ ಅವರು ದಿನಾ ಬೆಳಿಗ್ಗೆ ಕಾಳುಮೆಣಸು, ಏಲಕ್ಕಿ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು ಒಂದೊಂದನ್ನೇ ಮೂಗಿಗೆ ಹಿಡಿದು, ಕಳೆದುಹೋದ ಆಡನ್ನು ಕೂಗಿ ಕರೆಯುವಂತೆ ಕರೆಯುತ್ತಿದ್ದರು. ಒಂದು ಸಂಜೆ ಹಿತ್ತಲಿಂದ ಕಿರುಚಿದರು. ಹಾವೆಂದು ದೊಣ್ಣೆ ಹಿಡಿದು ಓಡಿದೆವು. ಅತ್ತೆ ಒಟ್ಟುಪಾಲಿನ ಗೋಣಿಯ ಎದುರು ನಿಂತು ಅಳುತ್ತಾ ನಗುತ್ತಿದ್ದರು. ಒಟ್ಟುಪಾಲು ಅಂದರೆ ರಬ್ಬರ್ ಮರದ ಗಾಯದಲ್ಲಿ, ಚಿಪ್ಪಿನಲ್ಲಿ ಗಟ್ಟಿಯಾಗಿ ಉಳಿದ ಹಾಲು. ಅದನ್ನು ಗೋಣಿಯಲ್ಲಿ ತುಂಬಿಟ್ಟರೆ ಬರುವ ನಾತಕ್ಕೆ ಕನ್ನಡದಲ್ಲಿ ಪದ ಸಾಲದು. ನಾಲ್ಕೂ ಭಾಷೆ ಕೂಡಿಸಿದರೂ ಕಷ್ಟವೇ. "ನಾರ್ತಾ ಉಂಟು ಮಾರಾಯ, ನಾರ್ತಾ ಉಂಟು!" ಎಂದು ಅತ್ತೆ ಕುಣಿದರು. ಅವರ ಲೆಕ್ಕದ ಅರೋಮಾಥೆರಪಿ ಅದು. ಆ ಗೋಣಿಯನ್ನು ಯಾವ ಸ್ಪಾದಲ್ಲಿಟ್ಟರೂ ಗಿರಾಕಿಗಳು ಬಾಗಿಲು ಮುರಿದು ಓಡುತ್ತಾರೆ.

ಆಟಿ ಹದಿನೆಂಟು ಬಂತು. ಆಗಸ್ಟ್ 3. ಮದ್ದು ಸೊಪ್ಪಿಗೆ ಆವತ್ತು ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂದು ಕೊಡಗಿನ ನಂಬಿಕೆ. ಅತ್ತೆ ಬೇಲಿಯ ಬದಿಯಿಂದ ಹೊರೆ ಸೊಪ್ಪು ಕೊಯ್ದು ತಂದು ಬೇಯಿಸಿದರು. ಮನೆ ತುಂಬ ಆ ಪರಿಮಳ. ವರ್ಷದ ಉಳಿದ ದಿನ ಪೊದೆಯಲ್ಲಿ ಸುಮ್ಮನೆ ಬಿದ್ದಿರುವ ಗಿಡ ಅದೊಂದು ದಿನ ಎಲ್ಲಿದ್ದೇನೆ ಎಂದು ದಾರಿಯಲ್ಲೇ ಕೂಗಿ ಹೇಳುತ್ತದೆ. ಬಸಿದ ನೀರು ಅಪ್ಪಟ ನೇರಳೆ. ಅದರಲ್ಲಿ ಅಕ್ಕಿ ಬೆಂದು, ಬೆಲ್ಲ, ತೆಂಗಿನ ಹಾಲು ಸೇರಿದ ಪಾಯಸವೂ ನೇರಳೆ. ಭಾವ ಬಟ್ಟಲು ಎತ್ತಿ ಹಿಡಿದು, "ನಮ್ಮ ನೇರಳೆ ಕ್ರಾಂತಿ" ಅಂದ. ಮರುದಿನ ಬೆಳಿಗ್ಗೆ ಆ ಕ್ರಾಂತಿಯ ಬಣ್ಣ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರು ಹೆದರಿ ಡಾಕ್ಟರರ ಬಳಿ ಓಡದಿದ್ದರೆ ಸಾಕು.

ಆವತ್ತು ರಾತ್ರಿ ಅತ್ತೆ ಗೊರಕೆ ಹೊಡೆದು ಮಲಗಿದರು. ಜೂನ್ ನಂತರ ಮೊದಲ ಸಲ. ಇದರ ಕೀರ್ತಿ ಯಾರಿಗೆ ಸಲ್ಲಬೇಕು ಎಂದು ಮನೆಯಲ್ಲಿ ಚರ್ಚೆ. ದಿಂಬಿಗೆ ನಾನೇ ಎರಡು ಹನಿ ಲ್ಯಾವೆಂಡರ್ ಹಾಕಿದ್ದೆ, ನಿಜ. ಎರಡು ಬಟ್ಟಲು ಪಾಯಸ ಹೊಟ್ಟೆಯಲ್ಲಿತ್ತು, ಅದೂ ನಿಜ. ಸಂಜೆಯೇ ಕರೆಂಟು ಹೋಗಿ, ಭೂಕಂಪದ ಬಗ್ಗೆ ಚರ್ಚೆ ನಡೆಸುವ ಟಿವಿ ಬಾಯಿ ಮುಚ್ಚಿಕೊಂಡಿತ್ತು. ನನ್ನ ಓಟು ಟಿವಿಗೆ. ಭಾವನ ಓಟು ಪಾಯಸಕ್ಕೆ. ಬೆಂಗಳೂರಿನಿಂದ ಬಂದ ಓಟು ಯಾವ ಕಡೆ ಎಂದು ನಿಮಗೇ ಗೊತ್ತು.

ಸೆಪ್ಟೆಂಬರಿನಲ್ಲಿ ಹುಡುಗಿ ಮತ್ತೆ ಫೋನು ಮಾಡಿದಳು. ಅತ್ತೆ ಆಗ ಒಲೆಯ ಮುಂದೆ ಹಂದಿಮಾಂಸ ಕುದಿಸುತ್ತಿದ್ದರು. ಒಂದು ಕೈಯಲ್ಲಿ ಸೌಟು. ಇನ್ನೊಂದು ಕೈಯಲ್ಲಿ, ಎರಡು ಬಾರಿ ಕಣ್ಣುಜ್ಜಿ ನೋಡಿದೆ, ಅದೇ ನೀಲಿ ಬುಡ್ಡಿ. ಬಿಸಿನೀರು, ಬೂದಿ, ಸೀಗೆಪುಡಿ ಹಾಕಿ ಮೂರು ದಿನ ತೊಳೆದು ಬಿಸಿಲಿಗಿಟ್ಟು ಅದಕ್ಕೆ ಕಾಚಂಪುಳಿ ತುಂಬಿಟ್ಟಿದ್ದಾರೆ. ಉಬ್ಬು ಒತ್ತಿ ನಳಿಗೆಯಲ್ಲಿ ಎಳೆದು, ಕಪ್ಪು ಹುಳಿಯನ್ನು ಲೆಕ್ಕದ ಹನಿಯಾಗಿ ಪಾತ್ರೆಗೆ ಬಿಡುತ್ತಿದ್ದಾರೆ.

"ಅಜ್ಜೀ, ಎಣ್ಣೆಯಿಂದ ಪ್ರಯೋಜನ ಆಯಿತಾ?"

"ಎಣ್ಣೆ ಮುಗಿದು ತುಂಬಾ ದಿನ ಆಯ್ತು ಮಗಾ. ಬುಡ್ಡಿ ಮಾತ್ರ ಬಾರಿ ಒಳ್ಳೆದುಂಟು. ಒಂದು ಹನಿ ಹೆಚ್ಚಾಗುವುದಿಲ್ಲ, ಕಮ್ಮಿಯಾಗುವುದಿಲ್ಲ" ಎಂದು ಅತ್ತೆ ಮತ್ತೆರಡು ಹನಿ ಬಿಟ್ಟರು. "ಇನ್ನು ಎರಡು ಕಳಿಸು."